ಓದಲಾಗದ ಕಾಗದಕ್ಕೆ ನಮ್ಮ ರುಜು ಯಾಕೆ?



ಈ ಪತ್ರಿಕೆಯನ್ನು ಒಂದು ನಿಮಿಷ ಮಡಚಿಡಿ. ನಿಮ್ಮ ಪರ್ಸಿನಿಂದ ಡ್ರೈವಿಂಗ್ ಲೈಸೆನ್ಸ್ ಹೊರಗೆ ತೆಗೆಯಿರಿ. ನಿಮ್ಮ ಹೆಸರು ಅದರಲ್ಲಿ ಯಾವ ಲಿಪಿಯಲ್ಲಿದೆ? ನಿಮ್ಮ ಅಪ್ಪನ ಹೆಸರು? ನಿಮ್ಮ ಊರು? ಈಗ ಅದೇ ಪರ್ಸಿನಲ್ಲಿರುವ ಆಧಾರ್ ಕಾರ್ಡನ್ನೂ ತೆಗೆಯಿರಿ. ಅದನ್ನು ಕೊಟ್ಟದ್ದು ದೆಹಲಿ. ಅದರಲ್ಲಿ ನಿಮ್ಮ ಹೆಸರು ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ನನ್ನ ಲೈಸೆನ್ಸಿನಲ್ಲಿ ನನ್ನ ಹೆಸರಿಗೆ ಕನ್ನಡದ ಒಂದೇ ಒಂದು ಅಕ್ಷರ ಇಲ್ಲ!

ನಾನು ಅರಂತೋಡಿನಲ್ಲಿ ಒಂದು ಸಣ್ಣ ಪ್ರೆಸ್ ಇಟ್ಟುಕೊಂಡವನು. ಓದಿದ್ದು ಪಿಯುಸಿ. ಮದುವೆ ಕಾಗದ, ಜಾತ್ರೆಯ ಆಮಂತ್ರಣ, ಸೊಸೈಟಿಯ ಬಿಲ್ ಪುಸ್ತಕ, ಯಕ್ಷಗಾನದ ಕರಪತ್ರ, ಇವೇ ನನ್ನ ಅನ್ನ. ಒಂದು ಒತ್ತಕ್ಷರ ತಪ್ಪಿದರೆ ಗಿರಾಕಿ ಮುಖಕ್ಕೇ ಬಿಸಾಡಿ ಹೋಗುತ್ತಾನೆ. ಹಾಗಾಗಿ ಅಚ್ಚಿಗೆ ಮೊದಲು ಮೂರು ಸಲ ಓದುವ ಅಭ್ಯಾಸ. ಅಂಥ ನಾನೇ 2024ರಲ್ಲಿ ಓದದೆ ಒಂದು ಕಾಗದಕ್ಕೆ ರುಜು ಹಾಕಿ ಬಂದೆ. ನಾಚಿಕೆಯ ವಿಷಯ. ಆದರೂ ಹೇಳಿಕೊಳ್ಳುತ್ತೇನೆ, ಯಾಕೆಂದರೆ ನೀವೂ ಹಾಕಿದ್ದೀರಿ.

ನನ್ನ ಲೈಸೆನ್ಸ್ 2004ರದ್ದು. ಆಗಿನ ಕಾನೂನಿನಂತೆ 20 ವರ್ಷ, ಮುಗಿಯಿತು. ನವೀಕರಣಕ್ಕೆ ಪೇಟೆಯ ಒಂದು ಸೈಬರ್ ಅಂಗಡಿಗೆ ಹೋದೆ. ಹುಡುಗ ಚುರುಕು. ಪರದೆ ತುಂಬ ಇಂಗ್ಲಿಷು. ಒಂದು ಕಡೆ ಸಾಲಾಗಿ ಪ್ರಶ್ನೆಗಳು ಬಂದವು. ಅವನು ಟಕಟಕ ಒತ್ತಿದ... ಇಲ್ಲ, ಹೌದು, ಇಲ್ಲ, ಇಲ್ಲ. "ಎಂತ ಅದು?" ಕೇಳಿದೆ. "ಎಂತ ಇಲ್ಲ ಅಣ್ಣ, ಎಲ್ಲರಿಗೂ ಹೀಗೇ ಹಾಕುದು" ಅಂದ. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. ಹಣ ಕಟ್ಟಿದೆ, ಪ್ರಿಂಟ್ ತೆಗೆದುಕೊಂಡೆ, ತೋರಿಸಿದಲ್ಲಿ ರುಜು ಹಾಕಿದೆ. ನಲವತ್ತು ದಾಟಿದವನಾದ್ದರಿಂದ ಡಾಕ್ಟರ ಸರ್ಟಿಫಿಕೇಟೂ ಬೇಕು. ಅದೂ ಆಯಿತು. ಕಚೇರಿಯ ಕೌಂಟರಿನಲ್ಲಿ ಕೂತವರ ಮೇಲೆ ನನಗೆ ದೂರಿಲ್ಲ, ಅವರು ನನ್ನ ಹತ್ತಿರ ತುಳುವಿನಲ್ಲೇ ಮಾತಾಡಿದರು. ಕಾಗದ ಮಾತ್ರ ನನ್ನ ಹತ್ತಿರ ಮಾತಾಡಲಿಲ್ಲ!

ಆ ರಾತ್ರಿ ಮಳೆಗೆ ಕರೆಂಟು ಹೋಗಿತ್ತು. ಕೆಲಸ ಇಲ್ಲ. ಟಾರ್ಚು ಹಿಡಿದು, ಮಗಳ ಡಿಕ್ಷನರಿ ಪಕ್ಕದಲ್ಲಿಟ್ಟು ಆ ಪ್ರತಿಯನ್ನು ಓದತೊಡಗಿದೆ. ಅದರ ಹೆಸರು ಫಾರ್ಮ್ 1. ನನ್ನ ದೇಹದ ಬಗ್ಗೆ ನಾನೇ ಕೊಡುವ ಘೋಷಣೆ. ಮೊದಲನೇ ಪ್ರಶ್ನೆಯ ಅರ್ಥ ಇಷ್ಟು: ನಿಮಗೆ ಮೂರ್ಛೆ ರೋಗ ಉಂಟೋ? ಯಾವುದೇ ಕಾರಣದಿಂದ ಏಕಾಏಕಿ ಪ್ರಜ್ಞೆ ತಪ್ಪುವುದು, ತಲೆ ಸುತ್ತುವುದು ಉಂಟೋ?

ನನ್ನ ಉತ್ತರ 'ಇಲ್ಲ' ಎಂದಿತ್ತು.

ಆದರೆ ಉಂಟು ಸ್ವಾಮಿ! ಅದರ ಹಿಂದಿನ ಆರು ತಿಂಗಳಲ್ಲಿ ಎರಡು ಸಲ ತಲೆ ಸುತ್ತಿತ್ತು. ಒಮ್ಮೆ ಕಟ್ಟಿಂಗ್ ಮೆಷಿನಿನ ಎದುರು, ಕೈ ಬ್ಲೇಡಿನ ಹತ್ತಿರ. ಇನ್ನೊಮ್ಮೆ ಸಂಪಾಜೆ ಘಾಟಿ ಇಳಿಯುವಾಗ, ಓಮ್ನಿಯ ಸ್ಟೇರಿಂಗ್ ಹಿಡಿದಾಗ. ಬದಿಗೆ ನಿಲ್ಲಿಸಿ ಸ್ವಲ್ಪ ಹೊತ್ತು ಕೂತು ನೀರು ಕುಡಿದು ಬಂದಿದ್ದೆ. ಮನೆಯಲ್ಲಿ ಹೇಳಿರಲಿಲ್ಲ, ಡಾಕ್ಟರಿಗೂ ಹೇಳಿರಲಿಲ್ಲ. ಆ ಪ್ರಶ್ನೆ ಕನ್ನಡದಲ್ಲಿ ಇದ್ದಿದ್ದರೆ? 'ತಲೆ ಸುತ್ತುವುದು' ಎಂಬ ಎರಡು ಪದ ಪರದೆಯ ಮೇಲೆ ಕಂಡಿದ್ದರೆ ನಾನು ಅಲ್ಲೇ ಎಚ್ಚರವಾಗುತ್ತಿದ್ದೆ. ಮರುದಿನ ಡಾಕ್ಟರ ಹತ್ತಿರ ಎಲ್ಲ ಹೇಳಿದೆ. ಬಿಪಿ ಏರಿತ್ತು. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ತಲೆ ಸುತ್ತು ಮತ್ತೆ ಬಂದಿಲ್ಲ.

ನಮ್ಮ ಬದಿಯ ಒಬ್ಬರು ಜೀಪು ಓಡಿಸುತ್ತಾರೆ. ಮೂವತ್ತು ವರ್ಷದಿಂದ ತೊಡಿಕಾನದ ಕಡೆಯ ಮಕ್ಕಳನ್ನು ಶಾಲೆಗೆ ತಂದು ಬಿಡುವವರು. ಅವರು ಮೂರು ನಾಲ್ಕು ಸಲ ನವೀಕರಣ ಮಾಡಿಸಿದವರು. ಪ್ರೆಸ್ಸಿನ ಬೆಂಚಿನಲ್ಲಿ ಕೂರಿಸಿ ಅವರಿಗೆ ಆ ಪ್ರಶ್ನೆಗಳನ್ನೆಲ್ಲ ಕನ್ನಡದಲ್ಲಿ ಓದಿ ಹೇಳಿದೆ. ಒಂದೊಂದು ಕಣ್ಣಿನಿಂದ, ಹಗಲು ಬೆಳಕಿನಲ್ಲಿ, 25 ಮೀಟರ್ ದೂರದ ಕಾರಿನ ನಂಬರ್ ಪ್ಲೇಟ್ ಓದಲು ಆಗುತ್ತದೋ? ಇರುಳುಗುರುಡು ಉಂಟೋ? ಹಾರ್ನಿನ ಶಬ್ದ ಕೇಳಿಸದಷ್ಟು ಕಿವುಡು ಉಂಟೋ? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಎಡದ ಕಣ್ಣಿಗೆ ಪೊರೆ ಬಂದ ಹಾಗೆ ಉಂಟು ಮಾರಾಯ್ರೆ, ಇದನ್ನೆಲ್ಲ ಕೇಳ್ತಾರೆ ಅಂತ ಗೊತ್ತೇ ಇರಲಿಲ್ಲ" ಅಂದರು. ಆ ವಾರವೇ ಕಣ್ಣು ತೋರಿಸಲಿಕ್ಕೆ ಹೋದರು. ಹೇಳಿ ಬಂಧುಗಳೇ, ಅವರು ಸುಳ್ಳು ಹೇಳಿದವರೋ?

ಕಾನೂನಿನ ಕಣ್ಣಿಗೆ ಸುಳ್ಳುಗಾರರೇ! ಆ ಫಾರ್ಮಿನ ಅಡಿಯಲ್ಲಿ, ಮೇಲಿನದ್ದೆಲ್ಲ ನನಗೆ ತಿಳಿದ ಮಟ್ಟಿಗೆ ಸತ್ಯ ಎಂದು ಬರೆದುಕೊಡಬೇಕು. ಓದಲು ಬಾರದ್ದರ ಬಗ್ಗೆ ತಿಳಿದ ಮಟ್ಟಿಗೆ ಸತ್ಯವಂತೆ! ತಪ್ಪು ಮಾಹಿತಿ ಕೊಟ್ಟು ಪಡೆದ ಲೈಸೆನ್ಸನ್ನು ರದ್ದು ಮಾಡಲು 1988ರ ಮೋಟಾರು ವಾಹನ ಕಾಯಿದೆಯ 19ನೇ ಕಲಮಿನಲ್ಲಿ ಅಧಿಕಾರ ಉಂಟು. ನಾಳೆ ಘಾಟಿಯಲ್ಲಿ ಏನಾದರೂ ಆದರೆ ಪೊಲೀಸರೂ ವಕೀಲರೂ ಬಿಡಿಸಿ ಹಿಡಿಯುವುದು ಇದೇ ರುಜುವನ್ನು.

ಇನ್ನೊಂದು ಮುಖ್ಯ ವಿಷಯ. ಹಿಂದೆ ಲೈಸೆನ್ಸಿನ ಅವಧಿ ಮುಗಿದ ಮೇಲೂ 30 ದಿನ ಅದು ಊರ್ಜಿತವಾಗಿರುತ್ತಿತ್ತು. 2019ರ ತಿದ್ದುಪಡಿಯಲ್ಲಿ ಆ ರಿಯಾಯಿತಿ ಹೋಯಿತು. ಈಗ ಅವಧಿ ಮುಗಿಯುವ ಒಂದು ವರ್ಷ ಮೊದಲೇ ಅರ್ಜಿ ಹಾಕಬಹುದು, ಮುಗಿದು ಒಂದು ವರ್ಷದ ಒಳಗೂ ಹಾಕಬಹುದು, ಅದೂ ದಾಟಿದರೆ ಮತ್ತೆ ಟೆಸ್ಟು. ನಮ್ಮ ಊರಿನಲ್ಲಿ ಇದು ಹೇಗೆ ಹಬ್ಬಿದೆ ಗೊತ್ತೇ? "ಒಂದು ವರ್ಷ ಟೈಮ್ ಉಂಟು, ಏನೂ ಹೆದರುದು ಬೇಡ." ಬೇಡ ಬಂಧುಗಳೇ, ಹಾಗೆ ನಂಬಬೇಡಿ! ಒಂದು ವರ್ಷ ಇರುವುದು ಅರ್ಜಿ ಹಾಕಲಿಕ್ಕೆ, ಗಾಡಿ ಓಡಿಸಲಿಕ್ಕಲ್ಲ. ಆ ನಡುವೆ ಅಪಘಾತವಾದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಲೆಕ್ಕ. ಇನ್ಶೂರೆನ್ಸ್ ಕಂಪೆನಿ ಗಾಯಾಳುವಿಗೆ ಹಣ ಕೊಟ್ಟು ಆಮೇಲೆ ಗಾಡಿಯ ಮಾಲೀಕನಿಂದ ವಸೂಲಿ ಮಾಡಬಹುದೆಂಬ ದಾರಿಯನ್ನು ಸುಪ್ರೀಂ ಕೋರ್ಟು 2004ರಲ್ಲೇ ಸ್ವರಣ್ ಸಿಂಗ್ ಪ್ರಕರಣದಲ್ಲಿ ತೋರಿಸಿದೆ. ಒಂದು ಅಡಿಕೆ ತೋಟ ಮಾರಿದರೂ ತೀರದ ಮೊತ್ತ ಬರಬಹುದು. ಇದನ್ನು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸಿ ಪಂಚಾಯತಿನ ಗೋಡೆಗೆ ಅಂಟಿಸಲು ಎಷ್ಟು ಖರ್ಚು? ನನ್ನನ್ನು ಕೇಳಿ, ರೇಟು ಹೇಳುತ್ತೇನೆ!

ಕೇಳಿದರೆ ಒಂದೊಂದು ನೆಪ. ಕಂಪ್ಯೂಟರಿನಲ್ಲಿ ಕನ್ನಡ ಕಷ್ಟವಂತೆ. ಇದನ್ನು ಯಾರ ಹತ್ತಿರ ಬೇಕಾದರೂ ಹೇಳಿ, ಪ್ರೆಸ್ಸಿನವನ ಹತ್ತಿರ ಹೇಳಬೇಡಿ. 1843ರಲ್ಲಿ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆಯಾಗಿ ಹೊರಬಿದ್ದದ್ದು ನಮ್ಮ ಜಿಲ್ಲೆಯಿಂದ, ಕಲ್ಲಚ್ಚಿನಲ್ಲಿ. ಇಂದು ಸರಕಾರಿ ಕಚೇರಿಗಳಲ್ಲಿ ಬಳಸುವ 'ನುಡಿ' ತಂತ್ರಾಂಶದ ಕೀಲಿಮಣೆಗೆ ಆಧಾರವಾದ ವಿನ್ಯಾಸ ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರದ್ದು. 1991ರಲ್ಲಿ ಯುನಿಕೋಡ್ ಮೊದಲ ಸಲ ಬಂದಾಗಲೇ ಅದರಲ್ಲಿ ಕನ್ನಡ ಇತ್ತು. ನಿಮ್ಮ ಜಾಗದ ಆರ್‌ಟಿಸಿ 'ಭೂಮಿ' ಯೋಜನೆಯಲ್ಲಿ 2000ದ ಆಸುಪಾಸಿನಲ್ಲೇ ಕಂಪ್ಯೂಟರಿಗೆ ಏರಿತು, ಕನ್ನಡದಲ್ಲೇ! ಇಡೀ ರಾಜ್ಯದ ಗದ್ದೆ ತೋಟ ಕನ್ನಡದಲ್ಲಿ ಹಿಡಿಸುತ್ತದೆ, ಒಬ್ಬ ಡ್ರೈವರನ ಹೆಸರು ಹಿಡಿಸುವುದಿಲ್ಲವೋ?

ಎರಡನೆಯ ನೆಪ, ಕಾಯಿದೆ ಕೇಂದ್ರದ್ದು, ನಾವೇನು ಮಾಡುವುದು ಎಂಬುದು. ನಿಜ, ಇಡೀ ದೇಶಕ್ಕೆ ಒಂದೇ ನಮೂನೆಯ ಕಾರ್ಡ್ ಎಂದು 2019ರಲ್ಲಿ ಕೇಂದ್ರವೇ ಆದೇಶ ಮಾಡಿದೆ. ಗಾಡಿಯ ನಂಬರ್ ಪ್ಲೇಟಿನ ಅಕ್ಷರ ಇಂಗ್ಲಿಷಿನಲ್ಲೇ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳ 50ನೇ ನಿಯಮ ಹೇಳುತ್ತದೆ, ಅದೂ ಗೊತ್ತು. ಆದರೆ ಆಧಾರ್ ಯಾರದ್ದು? ಮತದಾರರ ಗುರುತಿನ ಚೀಟಿ ಯಾರದ್ದು? ಅವೆರಡರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತು. ಇನ್ನು ಸಾರಿಗೆ ಕಚೇರಿ ಕರ್ನಾಟಕದ್ದು, ಅಲ್ಲಿನ ಸಂಬಳ ಕರ್ನಾಟಕದ ಖಜಾನೆಯದ್ದು, ಕನ್ನಡವನ್ನು ಆಡಳಿತ ಭಾಷೆ ಎಂದ ಕಾಯಿದೆ 1963ರದ್ದು. ಎಲ್‌ಎಲ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಬಿಡುತ್ತಾರೆ, ಒಳ್ಳೆಯದೇ. ಪರೀಕ್ಷೆಯ ಪ್ರಶ್ನೆ ಕನ್ನಡದಲ್ಲಿ ಕೇಳಲು ಬರುವವರಿಗೆ ಕಣ್ಣು ಕಿವಿಯ ಪ್ರಶ್ನೆ ಕನ್ನಡದಲ್ಲಿ ಕೇಳಲು ಏನು ಧಾಡಿ? ಕನ್ನಡದ ಪ್ರತಿ ಬೆಂಗಳೂರಿನ ಯಾವುದೋ ಕಪಾಟಿನಲ್ಲಿ ಇದ್ದರೆ ಅದು ಅರಂತೋಡಿನ ತನಕ ಯಾಕೆ ಬರಲಿಲ್ಲ?

ತಮಾಷೆ ನೋಡಿ. ಬಾಡಿಗೆ ಗಾಡಿ ಓಡಿಸಲು ಎಂಟನೇ ಕ್ಲಾಸು ಪಾಸಾಗಿರಬೇಕೆಂಬ ನಿಯಮವನ್ನು 2019ರಲ್ಲಿ ಕೇಂದ್ರವೇ ತೆಗೆದುಹಾಕಿತು. ಶಾಲೆಗೆ ಹೋಗದವನಿಗೂ ದುಡಿಯುವ ಹಕ್ಕು ಇರಲಿ ಎಂದು. ಸರಿಯಾದ ಕೆಲಸ, ನಾನು ಒಪ್ಪುತ್ತೇನೆ. ಆದರೆ ಅದೇ ಮನುಷ್ಯನ ಕೈಗೆ ಕೊಡುವ ಕಾಗದ ಮಾತ್ರ ಇಂಗ್ಲಿಷು! ಇತ್ತ 2024ರ ತಿದ್ದುಪಡಿಯಂತೆ ಅಂಗಡಿಯ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕು. ಇರಲಿ, ಇರಲೇಬೇಕು, ನಾನೇ ಎಷ್ಟೋ ಬೋರ್ಡಿಗೆ ಅಕ್ಷರ ಕೂರಿಸಿಕೊಟ್ಟಿದ್ದೇನೆ. ಗೂಡಂಗಡಿಯವನಿಗೆ 60 ಭಾಗದ ಲೆಕ್ಕ ಹೇಳುವ ಘನ ಸರಕಾರ, ತಾನು ಕೊಡಿಸುವ ಕಾರ್ಡಿನಲ್ಲಿ ಎಷ್ಟು ಭಾಗ ಕನ್ನಡ ಎಂದು ಅಳೆದು ನೋಡಿದೆಯೋ?

ಸುಳ್ಯದ ಕಡೆ ಮನೆಮಾತು ಕನ್ನಡವೇ ಅಲ್ಲವಲ್ಲ ಎಂದು ಕೆಲವರು ನಗುತ್ತಾರೆ. ಹೌದು. ನಮ್ಮಲ್ಲಿ ಅರೆಭಾಷೆ ಉಂಟು, ತುಳು ಉಂಟು, ಬ್ಯಾರಿ, ಮಲಯಾಳ, ಕೊಂಕಣಿ, ಹವ್ಯಕ ಎಲ್ಲ ಉಂಟು. ಆದರೆ ಇವರೆಲ್ಲರ ಮದುವೆ ಕಾಗದ ನನ್ನ ಪ್ರೆಸ್ಸಿಗೆ ಬರುವುದು ಯಾವ ಭಾಷೆಯಲ್ಲಿ? ಮನೆಯೊಳಗೆ ಏನೇ ಆಡಿದರೂ ಓದಲಿಕ್ಕೆ, ಬರೆಯಲಿಕ್ಕೆ ಎಲ್ಲರಿಗೂ ಕೂಡಿ ಇರುವುದು ಶಾಲೆಯಲ್ಲಿ ಕಲಿತ ಕನ್ನಡ. ಅದನ್ನೂ ತೆಗೆದರೆ ಉಳಿಯುವುದು ಸೈಬರಿನ ಹುಡುಗನ ಬೆರಳು ಮಾತ್ರ.

ಹೊರರಾಜ್ಯದ ಪೊಲೀಸರಿಗೆ ಇಂಗ್ಲಿಷು ಬೇಕು ಎನ್ನುವವರಿಗೆ: ಇಂಗ್ಲಿಷು ಅಳಿಸಿ ಎಂದು ಯಾರು ಹೇಳಿದರು? ಪಕ್ಕದಲ್ಲಿ ಕನ್ನಡ ಹಾಕಿ ಎಂದದ್ದು.

ಅರಂತೋಡಿನಿಂದ ಸುಳ್ಯಕ್ಕೆ ಹೋಗುವ ದಾರಿಯಲ್ಲಿ ಪೆರಾಜೆ ಸಿಗುತ್ತದೆ. ಅದು ಕೊಡಗಿಗೆ ಸೇರಿದ್ದು. ಅವರಿಗೆ ಕೆಎ 12, ಘಾಟಿ ಹತ್ತಿ ಮಡಿಕೇರಿಗೆ ಹೋಗಬೇಕು. ನಮಗೆ ಕೆಎ 21, ಪುತ್ತೂರಿಗೆ ಇಳಿಯಬೇಕು. 1837ರಲ್ಲಿ ನಮ್ಮ ಹಿರಿಯರು ಇದೇ ಪುತ್ತೂರಿನ ದಾರಿಯಾಗಿ ಮಂಗಳೂರಿಗೆ ನಡೆದು ಕಂಪೆನಿ ಸರಕಾರವನ್ನು ಕೆಲವು ದಿನ ಓಡಿಸಿದ್ದರು. ಈಗ ನಾವು ಅಷ್ಟೆಲ್ಲ ಮಾಡಬೇಕಾಗಿಲ್ಲ, ಒಂದು ಕಾಗದ ಬರೆದರೆ ಸಾಕು. ಅಹವಾಲನ್ನು ನಮ್ಮ ಭಾಷೆಯಲ್ಲಿ ಕೊಡುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಬೆಂಗಳೂರಿನ ಸಾರಿಗೆ ಆಯುಕ್ತರಿಗೆ ಒಂದು, ಕನ್ನಡ ಅಭಿವೃದ್ಧಿ ಪ್ರಾಧಿಕಾರಕ್ಕೆ ಒಂದು, ಕನ್ನಡದಲ್ಲೇ ಬರೆಯಿರಿ. ಫಾರ್ಮ್ 1 ಕನ್ನಡದಲ್ಲಿ ಪ್ರತಿಯೊಂದು ಸೈಬರಿಗೂ ಮುಟ್ಟಲಿ, ಕಾರ್ಡಿನಲ್ಲಿ ಹೆಸರು ಮತ್ತು ಊರು ಕನ್ನಡದಲ್ಲೂ ಬರಲಿ ಎಂದು ಕೇಳಿ. ನಾನು ಬರೆದು ರಿಜಿಸ್ಟರ್ ಅಂಚೆಗೆ ಹಾಕಿದ್ದೇನೆ. ಉತ್ತರ ಬಂದರೆ ಇದೇ ಪತ್ರಿಕೆಯಲ್ಲಿ ಅಚ್ಚಾಗುತ್ತದೆ, ಬಾರದಿದ್ದರೂ ಅಚ್ಚಾಗುತ್ತದೆ.

ಅಲ್ಲಿಯ ತನಕ ಕಾಯುವುದು ಬೇಡ ಎಂದು ಆ ಪ್ರಶ್ನೆಗಳನ್ನೆಲ್ಲ ಕನ್ನಡ ಮಾಡಿ ಐನೂರು ಹಾಳೆ ಅಚ್ಚು ಹಾಕಿದ್ದೇನೆ. ಇದು ಸರಕಾರಿ ಫಾರ್ಮಲ್ಲ, ಕೌಂಟರಿನಲ್ಲಿ ಕೊಟ್ಟರೆ ತೆಗೆದುಕೊಳ್ಳುವುದಿಲ್ಲ. ಪಕ್ಕದಲ್ಲಿಟ್ಟುಕೊಂಡು ಒಂದೊಂದಾಗಿ ಓದಿ, ಆಮೇಲೆ ಹುಡುಗನಿಗೆ ಗುಂಡಿ ಒತ್ತಲು ಹೇಳಿ. ಬೇಕಾದವರು ಪ್ರೆಸ್ಸಿಗೆ ಬಂದು ತೆಗೆದುಕೊಂಡು ಹೋಗಿ, ಹಣ ಬೇಡ. ಭಾನುವಾರ ಮಧ್ಯಾಹ್ನದ ಮೇಲೆ ಬಾಗಿಲು ಹಾಕಿರುತ್ತದೆ.