ಕಲ್ಲು ನೀರಿಗೆ ಬಿಟ್ಟುಕೊಡುವುದೇನು?

ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವವರು ಅಂದಕ್ಕೆಂದು ಕಲ್ಲುಗಳನ್ನು ಇಡುತ್ತಾರೆ. ಆ ಕಲ್ಲುಗಳಿಂದ ನೀರಿನ ಗುಣ ಬದಲಾಗುವುದೇ? ಅದು ಕಲ್ಲಿನ ಜಾತಿಯನ್ನು ಅವಲಂಬಿಸಿದೆ. ಬೆಣಚುಕಲ್ಲು ಕರಗುವುದು ಅತ್ಯಲ್ಪ. ಸುಣ್ಣಕಲ್ಲು, ಅಮೃತಶಿಲೆಗಳು ಮೆಲ್ಲಗೆ ಕರಗಿ ನೀರಿನ ಗಡಸುತನವನ್ನೂ ಕ್ಷಾರಗುಣವನ್ನೂ ಹೆಚ್ಚಿಸುತ್ತವೆ. ಮೆದು ನೀರಿಗೆ ಒಗ್ಗಿದ ಮೀನು ಸೊರಗುತ್ತದೆ. ಕಲ್ಲಿನ ಮೇಲೆ ನಿಂಬೆರಸದ ಹನಿ ಬಿದ್ದಾಗ ನೊರೆಯೆದ್ದರೆ ಅದರಲ್ಲಿ ಸುಣ್ಣವಿದೆ ಎಂದು ತಿಳಿಯಬಹುದು.

ಆದರೆ ನಿಂಬೆರಸ ಹೇಳುವುದು ಸುಣ್ಣದ ಸಂಗತಿಯನ್ನು ಮಾತ್ರ. ಕೋಲಾರದ ಚಿನ್ನದ ಅದಿರಿನಲ್ಲಿ ಬೆಣಚುಕಲ್ಲಿನೊಡನೆ ಗಂಧಕ ಬೆರೆತ ಖನಿಜಗಳೂ ಇವೆ. ಚಿನ್ನದಂತೆ ಹೊಳೆಯುವ ಪೈರೈಟ್ ಅವುಗಳಲ್ಲೊಂದು. ಆರ್ಸೆನಿಕ್ ವಿಷವನ್ನು ಒಳಗೊಂಡ ಆರ್ಸೆನೋಪೈರೈಟ್ ಇನ್ನೊಂದು. ಗಾಳಿ, ನೀರು ಎರಡೂ ತಾಗಿದಾಗ ಇವು ಆಮ್ಲವನ್ನು ಹುಟ್ಟಿಸಬಲ್ಲವು, ವಿಷಧಾತುಗಳನ್ನು ನೀರಿಗೆ ಬಿಡಬಲ್ಲವು. ಮಿಂಚುವ ಗಣಿಕಲ್ಲನ್ನು ಮೀನಿನ ತೊಟ್ಟಿಗೆ ಹಾಕುವುದು ತರವಲ್ಲ.

ತೊಟ್ಟಿಗೆ ಅನ್ವಯಿಸುವ ನಿಯಮವೇ ಭೂಮಿಗೂ ಅನ್ವಯಿಸುತ್ತದೆ. ಬಂಗಾರಪೇಟೆಯೂ ಸೇರಿದಂತೆ ಕೋಲಾರ ಜಿಲ್ಲೆಯಲ್ಲಿ ಕೊಳವೆಬಾವಿಗಳು ಆಳಕ್ಕಿಳಿದಿವೆ. ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಕಲ್ಲಿನೊಳಗಿನ ಫ್ಲೋರೈಡನ್ನು ಹೀರಿಕೊಳ್ಳುತ್ತದೆ. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಮೀರಬಾರದು. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಮಿತಿ ಮೀರಿದರೆ ಬೆಳೆಯುವ ಮಕ್ಕಳ ಹಲ್ಲು ಕಲೆಗಟ್ಟುತ್ತದೆ, ಮುಂದೆ ಮೂಳೆಯೂ ಕೆಡುತ್ತದೆ. ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ಒಸರುವ ನೀರನ್ನು ನೆಚ್ಚಿದ ಬೆಟ್ಟದೂರುಗಳು ಕೊಳವೆಬಾವಿಗೆ ಮೊರೆಹೋಗುವ ಮುನ್ನ ಇದನ್ನು ನೆನೆಯಬೇಕು.

ಕಾಲದಂತೆಯೇ ಕಲ್ಲಿನ ಗಾತ್ರವೂ ಮುಖ್ಯ. ಒಂದು ಸೆಂಟಿಮೀಟರ್ ಅಳತೆಯ ಘನಾಕಾರದ ಕಲ್ಲಿನ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 0.1 ಮಿಲಿಮೀಟರ್ ಘನಗಳಾಗಿ ಪುಡಿಮಾಡಿದರೆ 600 ಚದರ ಸೆಂಟಿಮೀಟರ್. ನೀರು ತಾಗುವ ಜಾಗ ನೂರು ಪಟ್ಟು. ಕೆ.ಜಿ.ಎಫ್.ನ 'ಸಯನೈಡ್ ಗುಡ್ಡ'ಗಳು ಇಂತಹ ಪುಡಿಯ ರಾಶಿಗಳು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅದಿರನ್ನು ಅರೆದು, ಸಯನೈಡ್ ದ್ರಾವಣದಿಂದ ಚಿನ್ನ ಬಸಿದು, ಉಳಿದುದನ್ನು ಅಲ್ಲಿಯೇ ಸುರಿಯಲಾಯಿತು. ಸಯನೈಡ್ ಬಿಸಿಲು ಗಾಳಿಗೆ ಕ್ರಮೇಣ ಒಡೆಯುತ್ತದೆ. ಆರ್ಸೆನಿಕ್ ಮೂಲಧಾತುವಾದ್ದರಿಂದ ನಾಶವಾಗುವುದಿಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ಗುಡ್ಡಗಳು ಉಳಿದವು. 2024ರ ಜೂನ್‌ನಲ್ಲಿ ಅಂತಹ 13 ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಕೆಲಸ ಕಳೆದುಕೊಂಡ ಊರು ಕೆಲಸವನ್ನು ಬಯಸುವುದು ನ್ಯಾಯವೇ. ಆದರೆ ದಶಕಗಳಿಂದ ನೆಲೆನಿಂತ ಪುಡಿಯನ್ನು ಕದಡಿದರೆ ಒಳಪದರಗಳಿಗೂ ಹೊಸದಾಗಿ ಗಾಳಿ, ಮಳೆ ತಾಗುತ್ತದೆ. ಆದ್ದರಿಂದ ಮೊದಲ ಬುಟ್ಟಿ ಮಣ್ಣೆತ್ತುವ ಮುನ್ನವೇ ತಗ್ಗಿನ ಊರುಗಳ ಬಾವಿ, ಕೆರೆಗಳ ನೀರನ್ನು ಪರೀಕ್ಷಿಸಬೇಕು. ಮುಂದೆ ಪ್ರತಿ ಮಳೆಗಾಲದ ಹಿಂದುಮುಂದೆಯೂ ಪರೀಕ್ಷಿಸಬೇಕು. ಆಮ್ಲತೆ, ಆರ್ಸೆನಿಕ್, ಸಯನೈಡ್, ಫ್ಲೋರೈಡ್‌ಗಳ ಅಂಕಿಗಳು ಪಂಚಾಯಿತಿಯ ಹಲಗೆಯ ಮೇಲೆ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಕಾಣಬೇಕು. ವೆಚ್ಚ ಚಿನ್ನ ಒಯ್ಯುವವರದಾಗಬೇಕು. ಮೊದಲ ಲೆಕ್ಕವೇ ಇಲ್ಲದಿದ್ದರೆ, ನೀರು ಕೆಟ್ಟಿತೆಂದು ನಾಳೆ ಹಳ್ಳಿಗರು ದೂರಿದಾಗ ಅದು ಮೊದಲಿನಿಂದಲೂ ಹಾಗೆಯೇ ಇತ್ತು ಎಂಬ ಉತ್ತರ ಬರುತ್ತದೆ.

ತೊಟ್ಟಿಯ ನೀರು ಕೆಟ್ಟರೆ ಮೀನನ್ನು ಬೇರೆ ನೀರಿಗೆ ಬಿಡಬಹುದು. ಊರಿಗೆ ಅಂತಹ ಇನ್ನೊಂದು ತೊಟ್ಟಿಯಿಲ್ಲ.