ಮನೆ ಕೆಲಸಕ್ಕೆ 22 ಇಂಚಿನ ಚೈನ್‌ಸಾ ಯಾಕೆ ಗುರು?

1/5
ಮಳೆಗಾಲ ಮುಗೀತು ಅಂದ್ರೆ ಸಾಕು, ನಮ್ಮ ಮಲೆನಾಡಿನ ಹುಡುಗರ ಫೀಡ್ ತುಂಬಾ ಚೈನ್‌ಸಾ ರೀಲ್ಸ್. ದೊಡ್ಡ ಬಾರು, ದೊಡ್ಡ ಸೌಂಡು, ಸ್ಲೋ ಮೋಷನ್‌ನಲ್ಲಿ ಹಾರೋ ಮರದ ಪುಡಿ, ಹಿಂದೆ ಮಾಸ್ ಬಿಜಿಎಂ. ಅದನ್ನ ನೋಡಿ "ಅಪ್ಪಾ, 58 ಸಿಸಿ, 22 ಇಂಚಿಂದೇ ತಗೊಳ್ಳೋಣ" ಅಂತ ಹಟ ಹಿಡಿದಿರೋರಿಗೆ ಈ ಪೋಸ್ಟ್. ನೇರವಾಗಿ ಹೇಳ್ತೀನಿ: ನಿಮ್ಮನೆಗೆ ಅದು ಬೇಡ.

2/5
ನಿಮ್ಮನೇಲಿ ಇರೋ ಕೆಲಸ ಏನು? ಒಣಗಿ ಬಿದ್ದ ಅಡಿಕೆ ಮರ ತುಂಡು ಮಾಡೋದು. ಗಾಳಿಗೆ ಮುರಿದ ಹಲಸಿನ ಕೊಂಬೆ. ಬೇಲಿಯ ಗೊಬ್ಬರದ ಗಿಡ. ಬಚ್ಚಲ ಒಲೆಗೆ ಸೌದೆ. ಅಷ್ಟೇ ತಾನೆ? ಕೊಯ್ಯೋ ಮರದ ದಪ್ಪಕ್ಕಿಂತ ಎರಡು ಇಂಚು ಉದ್ದದ ಬಾರ್ ಇದ್ರೆ ಸಾಕು. 12 ಅಥವಾ 14 ಇಂಚಿಗೆ ಇದೆಲ್ಲಾ ಆರಾಮಾಗಿ ಮುಗಿಯುತ್ತೆ.
"ದೊಡ್ಡದಿದ್ರೆ ಎಲ್ಲದಕ್ಕೂ ಆಗುತ್ತಲ್ಲಾ?" ಅಂತೀರಾ. ಆಗಲ್ಲ. ತೂಕಕ್ಕೆ ತೋಳು ಬೇಗ ಸೋಲುತ್ತೆ. ಉದ್ದದ ಬಾರಿನ ತುದಿ ಆಚೆ ಕಡೆ ಯಾವುದಕ್ಕೆ ತಾಗ್ತಿದೆ ಅಂತ ನಿಮಗೆ ಕಾಣೋದೇ ಇಲ್ಲ. ಅಪಾಯ ಇರೋದೇ ಆ ತುದಿಯಲ್ಲಿ.

3/5
ತುದಿಯ ಮೇಲಿನ ಅರ್ಧ ಭಾಗ ಏನಕ್ಕಾದ್ರೂ ತಾಗಿದ್ರೆ ಇಡೀ ಮಷೀನು ಎಗರಿ ನಿಮ್ಮ ಮುಖದ ಕಡೆಗೇ ಬರುತ್ತೆ. ಇದೇ ಕಿಕ್‌ಬ್ಯಾಕ್. ಪೆಟ್ರೋಲ್ ಸಾದ ಚೈನು ಸೆಕೆಂಡಿಗೆ ಸುಮಾರು 20 ಮೀಟರ್ ಓಡುತ್ತೆ, ಅಂದ್ರೆ ಗಂಟೆಗೆ 72 ಕಿ.ಮೀ. ಕಣ್ಣು ಮಿಟುಕಿಸೋಕೂ ಟೈಮ್ ಸಿಗಲ್ಲ. ಅದಕ್ಕೇ ಅಂಗಡೀಲಿ ಸಿಸಿ ಕೇಳೋಕೆ ಮುಂಚೆ ಚೈನ್ ಬ್ರೇಕ್ ಎಲ್ಲಿದೆ ಅಂತ ಕೇಳಿ. ಕಿಕ್‌ಬ್ಯಾಕ್ ಕಮ್ಮಿ ಮಾಡೋ ಚೈನು ಇದೆಯಾ ಅಂತ ಕೇಳಿ. ಬ್ರೇಕ್ ಇಲ್ಲದ ಸಾ ಎಷ್ಟೇ ಅಗ್ಗವಾಗಿದ್ರೂ ಅಲ್ಲೇ ಬಿಟ್ಟು ಬನ್ನಿ.

4/5
ಇನ್ನು ಪೆಟ್ರೋಲೋ, ಕರೆಂಟೋ? ವರ್ಷಕ್ಕೆ ನಾಲ್ಕು ದಿನ ಓಡಿಸೋರು ಟ್ಯಾಂಕಲ್ಲಿ ಪೆಟ್ರೋಲ್ ಹಾಗೇ ಬಿಡ್ತಾರೆ. ಈಗಿನ ಪೆಟ್ರೋಲಲ್ಲಿ ಎಥೆನಾಲ್ ಇದೆ, ಅದು ನೀರಿನ ಪಸೆ ಎಳ್ಕೊಳ್ಳುತ್ತೆ. ಕಾರ್ಬುರೇಟರ್‌ನಲ್ಲಿ ಅಂಟು ಕಟ್ಟುತ್ತೆ. ಮುಂದಿನ ವರ್ಷ ಹಗ್ಗ ಎಳೆದೂ ಎಳೆದೂ ಭುಜ ಹೋಗುತ್ತೆ, ಇಂಜಿನ್ ಮಾತ್ರ ಏಳಲ್ಲ.
ಮನೆ ಅಂಗಳದ ಕೆಲಸಕ್ಕೆ 1800–2000 ವ್ಯಾಟಿನ ಕರೆಂಟ್ ಸಾ ಸಾಕು. 16 ಆಂಪ್ ಪ್ಲಗ್ಗು, ದಪ್ಪ ವೈರು ಇರಲಿ. ವೋಲ್ಟೇಜ್ ಕುಸಿಯೋ ಊರಾದ್ರೆ ಅಥವಾ ತೋಟ ದೂರ ಇದ್ರೆ ಬ್ಯಾಟರಿದು ನೋಡಿ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟೇ ಇರಲ್ಲ ಅನ್ನೋರು ಚಿಕ್ಕ ಪೆಟ್ರೋಲ್ ಸಾ ತಗೊಳ್ಳಿ, ಆದ್ರೆ ಕೆಲಸ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿಡಿ. ಆಯಿಲ್ ಕೂಡ ಅಂದಾಜಿಗೆ ಸುರಿಬೇಡಿ: 50:1 ಅಂದ್ರೆ ಲೀಟರಿಗೆ 20 ಎಂಎಲ್, 25:1 ಅಂದ್ರೆ 40. ನಿಮ್ಮ ಸಾಗೆ ಯಾವುದು ಅಂತ ಮ್ಯಾನ್ಯುಯಲ್‌ನಲ್ಲೇ ಇರುತ್ತೆ.

5/5
ಕೊನೇ ಮಾತು, ನಿಜವಾದ ಮಾತು. ತಂದಮೇಲೆ ಅದನ್ನ ಹಿಡಿಯೋರು ಯಾರು? ಎಷ್ಟೋ ಮನೆಗಳಲ್ಲಿ ನೀವಲ್ಲ, ನಿಮ್ಮಪ್ಪನೂ ಅಲ್ಲ. ಕೂಲಿಗೆ ಬಂದ ಅಣ್ಣ. ಮಡಚಿ ಕಟ್ಟಿದ ಪಂಚೆ, ಕಾಲಲ್ಲಿ ಹವಾಯಿ ಚಪ್ಪಲಿ. ಸಾ ನಿಮ್ದು, ಕಾಲು ಅವರದು. "ಅವರಿಗೆ ಅಭ್ಯಾಸ ಇದೆ ಬಿಡೋ" ಅಂತ ಹೇಳೋದು ಸುಲಭ, ಯಾಕಂದ್ರೆ ರಕ್ತ ಬರೋದು ನಮ್ಮ ಮೈಯಿಂದ ಅಲ್ಲ.
ಹಾಗಾಗಿ ಲೆಕ್ಕ ತಿರುಗಿಸಿ. ಚಿಕ್ಕ ಸಾ ತಗೊಳ್ಳಿ. ಉಳಿದ ದುಡ್ಡಲ್ಲಿ ಮುಖಕ್ಕೆ ಜಾಲರಿ ಇರೋ ಹೆಲ್ಮೆಟ್ಟು, ಕಿವಿಗೆ ಮಫ್ಸ್, ಚೈನ್ ತಡೆಯೋ ಚಾಪ್ಸ್, ಗಟ್ಟಿ ಬೂಟು. ಯಾರೇ ಹಿಡಿದ್ರೂ ಅವನ್ನ ಹಾಕ್ಕೊಂಡೇ ಹಿಡೀಬೇಕು. ಏಣಿ ಹತ್ತಿ ಯಾರೂ ಕೊಯ್ಯಬಾರದು. ಇದಕ್ಕೆಲ್ಲ ದುಡ್ಡಿಲ್ಲ ಅಂದ್ರೆ ಸಾ ತಗೊಳ್ಳೋಕೂ ದುಡ್ಡಿಲ್ಲ ಅಂತಲೇ ಅರ್ಥ. ಕೊಡಲಿ, ಕೈಗರಗಸ ಇನ್ನೂ ಸತ್ತಿಲ್ಲ.
ಅಂಗಡಿಗೆ ಹೊರಟಿರೋ ಫ್ರೆಂಡ್‌ಗೆ ಈಗಲೇ ಟ್ಯಾಗ್ ಮಾಡಿ.

#ಚೈನ್‌ಸಾ #ಮಲೆನಾಡು #ಅಡಿಕೆತೋಟ #ಸೇಫ್ಟಿಮೊದಲು