ಕಲ್ಲು ಕಾಯದವರು ನುಡಿ ಕಾದಾರೆಯೇ?



ಬೆಂಗಳೂರಿಗೆ ಆ ಹೆಸರು ಹೇಗೆ ಬಂತೆಂದು ನಿಮ್ಮ ಮಕ್ಕಳನ್ನು ಕೇಳಿ. ವೀರಬಲ್ಲಾಳ, ಮುದುಕಿ, ಬೆಂದ ಕಾಳು ಎಂದು ಪಟಪಟನೆ ಒಪ್ಪಿಸುತ್ತಾರೆ. ಆದರೆ ಆ ಹೊಯ್ಸಳ ದೊರೆ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಮೊದಲೇ, ಸುಮಾರು 890ರಲ್ಲಿ, ಬೆಂಗಳೂರು ಕಾಳಗದಲ್ಲಿ ಮಡಿದವನ ಸುದ್ದಿಯನ್ನು ಬೇಗೂರಿನ ಕಲ್ಲಿನ ಮೇಲೆ ಕೊರೆದಿದ್ದಾರೆ. ಯಾವ ಭಾಷೆಯಲ್ಲಿ? ಅಚ್ಚ ಕನ್ನಡದಲ್ಲಿ!

ಬೇಗೂರು ಒಂದೇ ಅಲ್ಲ. ಅಗರದ ಗಂಗರ ಕಾಲದ ಶಾಸನ ಕೆರೆ ಕಟ್ಟಿಸಿ ತೂಬು ಇಡಿಸಿದ ಕಥೆ ಹೇಳುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ನೆಲ ಅಗೆಯುವಾಗ ಸಿಕ್ಕ ಕಿತ್ತಯ್ಯನ ವೀರಗಲ್ಲು ಸುಮಾರು 750ರದು, ಶ್ರೀಪುರುಷನ ಕಾಲದ್ದು. ಜೆಸಿಬಿಯ ಹಲ್ಲು ಒಂದು ಗೇಣು ಆಚೀಚೆ ಬಿದ್ದಿದ್ದರೆ ಕಿತ್ತಯ್ಯ ಜಲ್ಲಿಯಾಗುತ್ತಿದ್ದ. ಆಸಕ್ತರು ಕಂಡರು, ಕಲ್ಲು ಉಳಿಯಿತು, ಮಂಟಪವೂ ಎದ್ದಿತು.

ಎಲ್ಲ ಕಲ್ಲಿಗೂ ಆ ಅದೃಷ್ಟ ಇಲ್ಲ. ಬಿ.ಎಲ್. ರೈಸ್ ಈ ಸೀಮೆಯ ಶಾಸನಗಳನ್ನು 1905ರಲ್ಲೇ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಅವರು ಕಂಡ ಹಲವು ಕಲ್ಲುಗಳು ಇಂದು ಇಲ್ಲ. ಏನಾದವು? ಪಾಯಕ್ಕೆ ಹೋದವು, ಮೋರಿಗೆ ಚಪ್ಪಡಿಯಾದವು, ಬಡಾವಣೆಯ ಮಣ್ಣಿನಡಿ ಸೇರಿದವು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಬೆಂಗಳೂರು ನುಂಗಿತು. ಹಳ್ಳಿಯ ಜಮೀನಿಗೆ ಲೆಕ್ಕವಿತ್ತು, ಹಳ್ಳಿಯ ಕಲ್ಲಿಗೆ ಲೆಕ್ಕ ಇಟ್ಟವರು ಯಾರು?

ಅಂಗಡಿಯ ಮುಂದೆ ಕನ್ನಡ ಬೋರ್ಡು ಬೇಕೆಂದು ಗಟ್ಟಿಯಾಗಿ ಕೇಳುತ್ತೇವೆ. ಕೇಳಲೇಬೇಕು. ಆದರೆ ಸಾವಿರದ ನೂರು ವರ್ಷದ ಹಿಂದೆ ನಮ್ಮ ಹಿರಿಯರು ನೆಟ್ಟ ಕನ್ನಡ ಬೋರ್ಡಿನ ಮೇಲೆ ಪೋಸ್ಟರ್ ಅಂಟಿಸುತ್ತೇವೆ! ‘ಇಲ್ಲಿ ಕನ್ನಡ ಎಲ್ಲಿತ್ತು’ ಎಂದು ನಾಳೆ ಯಾರಾದರೂ ಕೇಳಿದರೆ ಘೋಷಣೆ ಸಾಕ್ಷಿಯಾಗುವುದಿಲ್ಲ. ಕಲ್ಲು ಸಾಕ್ಷಿಯಾಗುತ್ತದೆ.

ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ರಾಜ್ಯದಲ್ಲಿ 1961ರ ಕಾಯ್ದೆ ಇದೆ. ಆದರೆ ಸಂರಕ್ಷಿತ ಪಟ್ಟಿಗೆ ಸೇರದ ಬೀದಿಬದಿಯ ವೀರಗಲ್ಲಿಗೆ ಅದರ ನೆರಳು ಬೀಳುವುದಿಲ್ಲ. ಆದ್ದರಿಂದ ನಮ್ಮ ಒತ್ತಾಯ ಇಷ್ಟೇ: ಪ್ರತಿ ವಾರ್ಡಿನ ಶಾಸನ, ವೀರಗಲ್ಲುಗಳ ಪಟ್ಟಿಯಾಗಲಿ. ಆ ಪಟ್ಟಿ ನೋಡದೆ ರಸ್ತೆ, ಚರಂಡಿ ಕಾಮಗಾರಿಗೆ ಅನುಮತಿ ಕೊಡಬಾರದು. ಕಲ್ಲು ಇರುವಲ್ಲೇ ನೆರಳು, ಬೇಲಿ, ಹೊಸಗನ್ನಡದಲ್ಲಿ ಅರ್ಥ ಬರೆದ ಫಲಕ ಆಗಲಿ.

ನೀವೂ ಸುಮ್ಮನೆ ಕೂರಬೇಡಿ. ಈ ಭಾನುವಾರ ನಿಮ್ಮ ಊರಿನ ಗುಡಿ, ಕೆರೆ ಏರಿ, ಅರಳಿಕಟ್ಟೆ ಸುತ್ತಿ ಬನ್ನಿ. ಅಕ್ಷರವಿರುವ ಕಲ್ಲು ಕಂಡರೆ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ಬರೆಯಿರಿ. ಬಣ್ಣ ಬಳಿಯಬೇಡಿ, ಎಣ್ಣೆ ಹಚ್ಚಬೇಡಿ, ಉಳಿ ತಾಗಿಸಬೇಡಿ. ಅಲ್ಲಿಂದ ಕದಲಿಸಲೂ ಬೇಡಿ. ಊರ ಕಲ್ಲು ಊರಲ್ಲೇ ನಿಂತರೆ ಮಾತ್ರ ಆ ಊರಿನ ಮಾತು ಆಡುತ್ತದೆ.

ಕಿತ್ತಯ್ಯ ಊರಿಗಾಗಿ ಪ್ರಾಣ ಕೊಟ್ಟ. ನಮ್ಮಿಂದ ಕೇಳುತ್ತಿರುವುದು ಒಂದು ಭಾನುವಾರ ಮಾತ್ರ!